ನಿಂತ ಲಿಫ್ಟಿನ ಕೊನೆಯ ಅಧ್ಯಾಯ

ಮಾರ್ಚ್ ೪, ಸೋಮವಾರ

ಹಾಗಾಗಿ ಒಪ್ಪಿಕೊಂಡುಬಿಟ್ಟೆ. ಗ್ರೂಪಿನಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ, ನಾನು ಎತ್ತಿದೆ. ಎತ್ತಿದ ಮೇಲೆ ಇ-ಪುಸ್ತಕ ಮಾಡುವುದು ಹೇಗೆ ಎಂದು ಹುಡುಕಿದೆ. ನನ್ನ ಬದುಕಿನ ಎಲ್ಲ ದೊಡ್ಡ ನಿರ್ಧಾರಗಳೂ ಇದೇ ಕ್ರಮದಲ್ಲಿ ಆಗಿವೆ.

ಮುಂದೊಂದು ದಿನ ಪ್ರಸಿದ್ಧಳಾದಾಗ ಈ ದಿನಚರಿ ಓದುವ ನನಗಾಗಿ ಒಂದಿಷ್ಟು ಹಿನ್ನೆಲೆ: 'ನಿಂತ ಲಿಫ್ಟು' ಎಂಬ ಪತ್ತೇದಾರಿ ಧಾರಾವಾಹಿ. ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಲ್ಲುತ್ತದೆ. ಒಳಗೆ ನಾಲ್ವರು. ಕರೆಂಟು ಬಂದು ಬಾಗಿಲು ತೆರೆದಾಗ ಕಟ್ಟಡದ ಮಾಲೀಕ ಸತ್ತು ಬಿದ್ದಿದ್ದಾನೆ. ಉಳಿದವರು ನರ್ಸು, ಟೈಲರು, ಟ್ಯೂಷನ್ ಮೇಷ್ಟ್ರು. ಮೂವರನ್ನೂ ಮನೆ ಖಾಲಿ ಮಾಡಿಸಲು ಮಾಲೀಕ ಹಟ ಹಿಡಿದಿದ್ದ. ಕೊಂದವರು ಯಾರು ಎಂದು ಲಿಫ್ಟ್ ರಿಪೇರಿ ಮಾಡುವ ಒಬ್ಬ ಹೆಂಗಸು ಪತ್ತೆ ಹಚ್ಚಬೇಕು. ಆಕೆ ಹಚ್ಚುವ ಮೊದಲೇ ವಾರಪತ್ರಿಕೆ ಮುಚ್ಚಿಹೋಯಿತು. ಟೈಪಾಗಿದ್ದ ಒಂದೆರಡು ಅಧ್ಯಾಯಗಳೂ ಕೊನೆಯ ಅಧ್ಯಾಯವೂ ಅಚ್ಚಾಗಲೇ ಇಲ್ಲ. ಆಗ ನಾನು ಹೈಸ್ಕೂಲು. ಅಂದಿನಿಂದ ನಾವು 'ಲಿಫ್ಟ್ ಬಳಗ'ದವರು ಗ್ರೂಪಿನಲ್ಲಿ ಕೂತು ಜಗಳವಾಡುತ್ತಿದ್ದೇವೆ.

ಈಗ ಅದನ್ನು ಬರೆದ ಮೇಡಂ ತಾವಾಗಿಯೇ ಸಂದೇಶ ಕಳಿಸಿದ್ದಾರೆ. ಕೊನೆಯ ಅಧ್ಯಾಯ ಬರೆದು ಇಟ್ಟುಕೊಂಡಿದ್ದಾರಂತೆ. ಯಾರಾದರೂ ಇ-ಪುಸ್ತಕ ಮಾಡಿಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಕೊಡುತ್ತಾರಂತೆ. ಸಂಜೆ ಫೋನಿನಲ್ಲಿ ನನಗೆ ಒಂದು ಮಾತು ಹೇಳಿದರು. "ಆ ಕೊನೇದು ಓದಿ ನಿಮ್ಮವರು ಏನಂತಾರೆ ಅಂತ ನೋಡ್ಬೇಕು ಕಣಮ್ಮ. ಅದರ ಮೇಲೆ ನಾನು ಮುಂದೆ ಬರೀಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ತೀನಿ."

ನಾನು "ಸೂಪರ್ ಮೇಡಂ" ಅಂದೆ. ಅವರು ಏನು ಹೇಳಿದರೂ ನಾನು ಹೇಳುವುದು ಅದನ್ನೇ.

ಮಾರ್ಚ್ ೫, ಮಂಗಳವಾರ

ಫೈಲುಗಳು ಬಂದವು. ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಟೇಬಲ್ಲಿನಲ್ಲಿ. ಒಳಗೆ ಡ್ರಿಲ್ಲಿನ ಸದ್ದು, ಹೊರಗೆ ಕೆನ್ನೆ ಹಿಡಿದುಕೊಂಡವರ ಸಾಲು, ನಡುವೆ ಕ್ಲಿನಿಕ್ಕಿನ ಕಂಪ್ಯೂಟರು ಮತ್ತು ನಾನು. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಪರದೆಯ ಹಿಂದೆ ಪುಸ್ತಕ ಕಟ್ಟುವ ಪ್ರೋಗ್ರಾಂ ತೆರೆದಿಟ್ಟೆ.

ಕೆಲಸ ಸುಲಭ ಎಂದು ಇಂಟರ್ನೆಟ್ಟಿನ ಸಹಾಯದ ಥ್ರೆಡ್ಡುಗಳಲ್ಲಿ ಬರೆದಿದ್ದರು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲು. ಯಾವುದರ ನಂತರ ಯಾವುದು ಎಂದು ಹೇಳುವ ಪಟ್ಟಿಯ ಫೈಲು ಒಂದು. ಬಿಲ್ಡ್ ಎಂದು ಒತ್ತಿದರೆ ಪುಸ್ತಕ ಬೀಳುತ್ತದೆ.

ಒತ್ತಿದೆ. ಪುಸ್ತಕ ಬೀಳಲಿಲ್ಲ, ಕೆಂಪು ಅಕ್ಷರ ಸುರಿಯಿತು. ಮೇಲಿಂದ ಕೆಳಗೆ, ನಲ್ಲಿ ಬಿಟ್ಟ ಹಾಗೆ.

ಮೊದಲು ಗೊತ್ತಾದದ್ದು, ಪತ್ರಿಕೆಯ ಡಿಟಿಪಿಯವರು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು ಎಂಬುದು. ಈಗಿನ ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರಗಳೆಲ್ಲ ಮನೆ ಬಿಟ್ಟು ಓಡಿಹೋಗಿ ಪಕ್ಕದ ಪದದಲ್ಲಿ ಕೂತಿದ್ದವು. ಎರಡನೆಯದು, ಟೈಲರನ ಅಂಗಡಿಯ ಬೋರ್ಡಿನಲ್ಲಿ 'ಟೈಲರ್ & ಸನ್ಸ್' ಎಂದಿದೆ. ಆ ನಡುವಿನ ಗಂಟಿನಂಥ ಗುರುತು ಕಂಡಲ್ಲೆಲ್ಲ ಪ್ರೋಗ್ರಾಂ ಮುಗ್ಗರಿಸಿ ಬೀಳುತ್ತದೆ. ಆ ಟೈಲರು ಹದಿನೇಳು ಅಧ್ಯಾಯಗಳಲ್ಲಿ ಬರುತ್ತಾನೆ. ಅವನನ್ನೇ ಕೊಲ್ಲಬೇಕಿತ್ತು.

ಡಾಕ್ಟರು ಹೊರಗೆ ಬಂದು, ಯಾಕೆ ಹಲ್ಲು ಕಡೀತಿದ್ದೀಯ, ಸವೆದುಹೋಗುತ್ತೆ ಅಂದರು.

ಮಾರ್ಚ್ ೭, ಗುರುವಾರ

ನಿನ್ನೆ ಎರರ್ ಮೂವತ್ತೆಂಟು ಇದ್ದವು. ಇಡೀ ದಿನ ಸರಿಪಡಿಸಿದೆ. ಇವತ್ತು ನಲವತ್ತೊಂದು ಇವೆ.

ಮಾರ್ಚ್ ೯, ಶನಿವಾರ

ಪುಸ್ತಕದ ಕೊನೆಗೆ ಒಂದು ಪುಟ ಮಾಡಿದೆ: 'ಇ-ಪುಸ್ತಕ ನಿರ್ಮಾಣ' ಎಂದು ನನ್ನ ಹೆಸರು, ಸುತ್ತ ಬಳ್ಳಿಯ ಚಿತ್ತಾರ. ಬೆಳಗ್ಗೆ ಪೂರ್ತಿ ಅದಕ್ಕೇ ಹೋಯಿತು. ಅಮ್ಮ ಬಗ್ಗಿ ನೋಡಿ, ಪುಸ್ತಕ ಎಲ್ಲಿ ಅಂತ ಕೇಳಿದರು. ಇನ್ನೂ ಆಗಿಲ್ಲ ಅಂದೆ. ಮನೆ ಕಟ್ಟೋ ಮೊದಲೇ ನೇಮ್‌ಪ್ಲೇಟಾ ಅಂದು ಒಳಗೆ ಹೋದರು. ಅಮ್ಮನಿಗೆ ವಿನ್ಯಾಸ ಅರ್ಥವಾಗುವುದಿಲ್ಲ.

ಉಳಿದವೆಲ್ಲ (ಅಚ್ಚಾಗದವನ್ನು ಕಥೆ ಓದದೆ, ಒತ್ತಕ್ಷರ ಮಾತ್ರ ನೋಡಿ ತಿದ್ದಿದೆ) ದಾರಿಗೆ ಬಂದಿವೆ, ಕೊನೆಯ ಅಧ್ಯಾಯವೊಂದು ಬಿಟ್ಟು. ಅದು ಬಂದ ಕೂಡಲೇ ಬಿಲ್ಡ್ ನಿಲ್ಲುತ್ತದೆ. 'ಇನ್‌ವ್ಯಾಲಿಡ್ ಕ್ಯಾರೆಕ್ಟರ್, ಹನ್ನೆರಡು' ಎಂಬ ಕೆಂಪು ಸಾಲು. ಕ್ಯಾರೆಕ್ಟರ್ ಸರಿ ಇಲ್ಲ ಎಂದು ಪಕ್ಕದ ಮನೆಯ ಆಂಟಿ ಜನರ ಬಗ್ಗೆ ಹೇಳುವುದು ಕೇಳಿದ್ದೆ, ಅಧ್ಯಾಯದ ಬಗ್ಗೆ ಹೇಳಿದ್ದು ಇದೇ ಮೊದಲು.

ಫೈಲು ತೆರೆದು ನೋಡಿದರೆ ಗೊತ್ತಾಗುತ್ತಿತ್ತೇನೋ. ಆದರೆ ತೆರೆಯುವುದಿಲ್ಲ. ಆರು ವರ್ಷ ಕಾದು, ಕೊಂದವರು ಯಾರು ಎಂದು ಎರರ್ ಹುಡುಕುವಾಗ ಅಕಸ್ಮಾತ್ತಾಗಿ ಗೊತ್ತಾಗುವುದಾ? ನನ್ನ ಮಾನ ಏನಾಗಬೇಕು? ಎಲ್ಲರ ಜೊತೆ, ಪುಸ್ತಕದಲ್ಲಿ, ಕ್ರಮವಾಗಿ ಓದುತ್ತೇನೆ ಎಂದು ಗ್ರೂಪಿನಲ್ಲಿ ಶಪಥ ಮಾಡಿದ್ದೇನೆ. ನಲವತ್ತು ಲೈಕು ಬಂದಿವೆ.

ಗ್ರೂಪಿನ ಅಡ್ಮಿನ್‌ಗೆ ಕೇಳಿದೆ. ಅವನ ಚಿತ್ರ ಗೂಬೆಯದ್ದು, ಹಾಗಾಗಿ ಎಲ್ಲರೂ ಗೂಬೆ ಎಂದೇ ಕರೆಯುತ್ತೇವೆ. ಅವನಿಗೂ ಸಂತೋಷ. ಪಟ್ಟಿಯ ಫೈಲಿನಲ್ಲಿ ಆ ಅಧ್ಯಾಯದ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕು, ಪ್ರೋಗ್ರಾಂ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಉಳಿದದ್ದು ಸರಿ ಇದೆಯಾ ಎಂದು ನೋಡಿಕೋ ಅಂದ. ಸದ್ಯಕ್ಕೆ ಹಾಕಿದೆ.

ಮಾರ್ಚ್ ೧೨, ಮಂಗಳವಾರ

ಹಸಿರು! ಒಂದೂ ಎರರ್ ಇಲ್ಲ. ಕ್ಲಿನಿಕ್ಕಿನಲ್ಲಿ ಕುರ್ಚಿಯಿಂದ ಎದ್ದು ಕುಣಿದೆ. ರೂಟ್ ಕೆನಾಲ್ ಮಾಡಿಸಲು ಕಾದಿದ್ದ ಅಜ್ಜ ಒಬ್ಬರು, ನನ್ನ ಸರದಿ ಬಂತಾ ಎಂದು ಗಾಬರಿಯಿಂದ ಎದ್ದರು.

ಕೂಡಲೇ ಗ್ರೂಪಿಗೆ ಹಾಕಿದೆ. ಮೇಡಂಗೂ ಕಳಿಸಿದೆ. ಅವರು ಫೋನಿನಲ್ಲಿ ಮುಖಪುಟ ಮಾತ್ರ ನೋಡಿದರಂತೆ, ತಾವು ಬರೆದದ್ದನ್ನು ತಾವೇ ಓದುವ ಅಭ್ಯಾಸ ಇಲ್ಲವಂತೆ. ಓದಿದವರು ಏನಂತಾರೆ ಅದನ್ನು ಹೇಳು ಅಂದರು.

ನಾನೂ ಈಗ ಓದಲು ಕೂರುತ್ತೇನೆ.

ಮಾರ್ಚ್ ೧೩, ಬುಧವಾರ

ಏನು ಅಂತ್ಯ. ಏನು ಅಂತ್ಯ!

ಲಿಫ್ಟ್ ರಿಪೇರಿಯ ಹೆಂಗಸು ಮೂವರನ್ನೂ ಮತ್ತೆ ಅದೇ ಲಿಫ್ಟಿಗೆ ಹತ್ತಿಸುತ್ತಾಳೆ. ನಡುದಾರಿಯಲ್ಲಿ ನಿಲ್ಲಿಸುತ್ತಾಳೆ. ಕತ್ತಲು. "ಅವತ್ತು ಇಲ್ಲಿ ಏನಾಯ್ತು ಅಂತ ಹೇಳೋವರೆಗೂ ಇದು ಮೇಲೂ ಹೋಗಲ್ಲ, ಕೆಳಗೂ ಹೋಗಲ್ಲ" ಅನ್ನುತ್ತಾಳೆ. ಮುಂದಿನ ಪುಟ ತಿರುಗಿಸಿದರೆ 'ಮುಗಿಯಿತು'. ಅದರ ಮುಂದೆ ನನ್ನ ಬಳ್ಳಿ.

ಗ್ರೂಪು ಹೊತ್ತಿ ಉರಿಯುತ್ತಿದೆ. ಆರು ವರ್ಷದಲ್ಲಿ ಬಾಯಿ ಬಿಡದವರೆಲ್ಲ ಬಂದು ಬರೆಯುತ್ತಿದ್ದಾರೆ. ಇಂಥ ಅಂತ್ಯ ಬರೆಯಲು ಎಂಥ ಧೈರ್ಯ ಬೇಕು ಎಂದು ಗೂಬೆ ಎರಡು ಗಜ ಉದ್ದದ ವಿಮರ್ಶೆ ಬರೆದಿದ್ದಾನೆ. ನಾನು ಅದಕ್ಕಿಂತ ಉದ್ದದ್ದು ಬರೆದೆ. 'ಮೌನದ ವಾಸ್ತುಶಿಲ್ಪ' ಎಂಬ ಪದ ಬಳಸಿದ್ದೇನೆ. ಅರ್ಥ ನನಗೂ ಗೊತ್ತಿಲ್ಲ, ಆದರೆ ಚೆನ್ನಾಗಿದೆ. ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು ಮೇಡಂಗೆ ಕಳಿಸಿದೆ.

ಮಾರ್ಚ್ ೧೬, ಶನಿವಾರ

ಬೆಳಗ್ಗೆ ಮೇಡಂ ಫೋನು. ಧ್ವನಿಯೇ ಬೇರೆಯಾಗಿತ್ತು, ವಯಸ್ಸು ಇಪ್ಪತ್ತು ವರ್ಷ ಇಳಿದ ಹಾಗೆ. ಆರು ವರ್ಷ ಆ ಅಧ್ಯಾಯವನ್ನು ಮುಟ್ಟಲು ಭಯಪಟ್ಟಿದ್ದರಂತೆ, ಜನ ಕಲ್ಲು ಹೊಡೆಯುತ್ತಾರೆ ಎಂದುಕೊಂಡಿದ್ದರಂತೆ. ಇಷ್ಟು ಹೊಗಳಿಕೆ ನೋಡಿ ನಿನ್ನೆ ಹೊಸ ಕಾದಂಬರಿಗೆ ಹೆಸರು ಕೂಡ ಇಟ್ಟರಂತೆ. ನಾನು ಸೂಪರ್ ಸೂಪರ್ ಅನ್ನುತ್ತಿದ್ದೆ.

ಆಮೇಲೆ ಅವರು ಕೇಳಿದರು. "ನರ್ಸು ಮಳೇಲಿ ನಿಂತು ಬ್ಯಾಗಿಂದ ಆ ಮಾತ್ರೆ ಸ್ಟ್ರಿಪ್ ತೆಗೆದು ನೋಡ್ತಾಳಲ್ಲ, ಅಲ್ಲಿ ನಿಂಗೆ ಏನನ್ನಿಸ್ತು?"

ಮಳೆಯೇ ಇಲ್ಲ. ಇಡೀ ಪುಸ್ತಕದಲ್ಲಿ ಒಂದು ಹನಿ ಮಳೆ ಇಲ್ಲ. ನಾನು ಒತ್ತಕ್ಷರ ಒತ್ತಕ್ಷರ ಹೆಕ್ಕಿ ಸರಿಪಡಿಸಿದವಳು, ನನಗೆ ಗೊತ್ತಿಲ್ಲವಾ.

"ಅಳು ಬಂತು ಮೇಡಂ" ಅಂದೆ.

ಫೋನಿಟ್ಟ ಮೇಲೆ ಪಟ್ಟಿಯ ಫೈಲು ತೆರೆದೆ. ಕೊನೆಯ ಸಾಲಿನ ಮುಂದೆ ಹ್ಯಾಶ್ ಕೂತಿತ್ತು. ನಾಲ್ಕು ಕಡ್ಡಿಯ ಸಣ್ಣ ಬೇಲಿ. ನಾನೇ ಹಾಕಿದ್ದು. ತೆಗೆಯಲು ಮರೆತದ್ದು.

ಮುಖ್ಯ ಅಧ್ಯಾಯವನ್ನೇ ಬಿಟ್ಟು ಪುಸ್ತಕ ಹೊರತಂದಿದ್ದೇನೆ. ಅದು ಇಲ್ಲದ್ದನ್ನೇ ಹೊಗಳಿ ವಿಮರ್ಶೆ ಬರೆದಿದ್ದೇನೆ. ಓದದ ಪುಟಕ್ಕೆ ಅತ್ತಿದ್ದೇನೆ.

ಮಾರ್ಚ್ ೧೭, ಭಾನುವಾರ

ಇವತ್ತು ಏನೂ ಇಲ್ಲ. ನಾನು ಸತ್ತಿದ್ದೇನೆ.

ಮಾರ್ಚ್ ೧೮, ಸೋಮವಾರ

ಸತ್ತಿದ್ದರೂ ಕ್ಲಿನಿಕ್ಕಿಗೆ ಹೋಗಬೇಕು. ಹೋದೆ.

ಹೇಳದೇ ಇರಲು ನನ್ನ ಬಳಿ ಒಳ್ಳೊಳ್ಳೆಯ ಕಾರಣಗಳಿವೆ. ಎಲ್ಲರೂ ಖುಷಿಯಾಗಿದ್ದಾರೆ. ಮೇಡಂ ಖುಷಿಯಾಗಿದ್ದಾರೆ. ಹೊಸ ಕಾದಂಬರಿ ಬರುತ್ತದೆ. ಅವರು ತಮ್ಮ ಪುಸ್ತಕ ತಾವೇ ಓದುವುದಿಲ್ಲ. ಗೊತ್ತಾಗುವುದು ಯಾರಿಗೆ? ಮಧ್ಯಾಹ್ನದವರೆಗೆ ಇದನ್ನೇ ತಿರುವಿ ಹಾಕಿದೆ. ಆದರೆ ಮೇಡಂ ಹೊಸದನ್ನು ಬರೆಯಲು ಹೊರಟಿರುವುದು ಯಾರೂ ಓದದ ಅಧ್ಯಾಯವನ್ನು ನಂಬಿಕೊಂಡು. ಕಾಲ ಕೆಳಗೆ ನೆಲ ಇದೆ ಎಂದುಕೊಂಡು ನಡೆಯುತ್ತಿದ್ದಾರೆ, ನೆಲ ನನ್ನ ಹ್ಯಾಶಿನ ಹಿಂದೆ ಇದೆ.

ಊಟದ ಹೊತ್ತಿನಲ್ಲಿ ಶಪಥ ಮುರಿದು ಆ ಫೈಲು ತೆರೆದೆ. ಒಂದೇ ಉಸಿರಿಗೆ ಓದಿದೆ.

ಮೋಸ. ಕೊಲೆಯೇ ಆಗಿಲ್ಲ. ಮಾಲೀಕನಿಗೆ ಲಿಫ್ಟಿನಲ್ಲಿ ಎದೆನೋವು ಬಂತು. ನರ್ಸಿನ ಬ್ಯಾಗಿನಲ್ಲಿ ಮಾತ್ರೆ ಇತ್ತು. ಟೈಲರಿಗೆ ಅದು ಗೊತ್ತಿತ್ತು. ಮೇಷ್ಟ್ರ ಬೆನ್ನು ಅಲಾರಂ ಗುಂಡಿಗೆ ತಾಗಿಕೊಂಡೇ ಇತ್ತು. ಮೂವರೂ ಸುಮ್ಮನೆ ನಿಂತರು. ಅಷ್ಟೇ. ಇದಕ್ಕಾಗಿ ನಾನು ಹೈಸ್ಕೂಲಿನಿಂದ ಕಾದೆನಾ? ಮೇಡಂ ಬಗ್ಗೆ ಬಾಯಿಗೆ ಬಂದದ್ದು ಅಂದುಕೊಂಡೆ. ಕೊನೆಯಲ್ಲಿ ರಿಪೇರಿ ಹೆಂಗಸು ಎಂಟು ಪುಟ ಭಾಷಣ ಮಾಡಿ, ಎಲ್ಲ ತಪ್ಪೂ ನರ್ಸಿನದು ಎಂದು ಬೆರಳು ತೋರಿಸುತ್ತಾಳೆ. ಅದೊಂದೇ ಸಮಾಧಾನ.

ಮಾರ್ಚ್ ೨೦, ಬುಧವಾರ

ಎರರಿನಲ್ಲಿದ್ದ ಆ ಹನ್ನೆರಡು ಏನೆಂದು ತಿಳಿಯಿತು. ಪ್ರೋಗ್ರಾಂನ ಸಹಾಯದ ಥ್ರೆಡ್ಡಿನಲ್ಲಿ ಯಾರೋ ಪುಣ್ಯಾತ್ಮ ಉತ್ತರಿಸಿದ: ಅದು 'ಹೊಸ ಪುಟ' ಎಂಬ ಗುರುತು. ಕಂಪ್ಯೂಟರಿನಲ್ಲಿ ಬರೆಯುವಾಗ ಪುಟ ತುಂಬುವ ಮೊದಲೇ ಹೊಸ ಪುಟಕ್ಕೆ ಹಾರಿದರೆ ಅದು ಒಳಗೆ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಉಳಿದ ಅಧ್ಯಾಯಗಳನ್ನು ಡಿಟಿಪಿಯವರು ಟೈಪ್ ಮಾಡಿದ್ದರಿಂದ ಅವುಗಳಲ್ಲಿ ಇಲ್ಲ. ಇದೊಂದು ನೇರವಾಗಿ ಮೇಡಂ ಕಂಪ್ಯೂಟರಿನಿಂದ ಬಂದದ್ದು. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಅಳಿಸಬಹುದು ಅಂದ.

ಅಳಿಸಲು ಹೋದೆ. ಬೆರಳು ನಿಂತಿತು. ಹೋದ ಸಲ ನೋಡದೆ ಎರರಿನ ಬಾಯಿ ಮುಚ್ಚಿಸಿದ್ದಕ್ಕೆ ಇಷ್ಟೆಲ್ಲ ಆದದ್ದು. ಹಾಗಾಗಿ ಅಳಿಸುವ ಬದಲು ಪ್ರತಿಯೊಂದರ ಜಾಗದಲ್ಲೂ ಒಂದು ನಕ್ಷತ್ರ ಇಟ್ಟೆ. ಏನನ್ನು ತೆಗೆಯುತ್ತಿದ್ದೇನೆ ಎಂದಾದರೂ ಕಾಣಲಿ.

ಪರದೆ ತುಂಬ ನಕ್ಷತ್ರ. ಪ್ಯಾರಾದ ಕೊನೆಗಲ್ಲ, ವಾಕ್ಯದ ನಡುವೆ. 'ನರ್ಸು ಬ್ಯಾಗಿನ ಜಿಪ್ಪಿನ ಮೇಲೆ ಕೈ ಇಟ್ಟಳು' ನಕ್ಷತ್ರ 'ತೆಗೆಯಲಿಲ್ಲ'. ಮೇಷ್ಟ್ರು ಅಲಾರಂ ಗುಂಡಿಯಿಂದ ಬೆನ್ನು ಸರಿಸುವಲ್ಲಿ ಒಂದೇ ಸಾಲಿನಲ್ಲಿ ಮೂರು. ಅಲ್ಲೆಲ್ಲ ನಿಂತು ನಿಂತು ಓದಬೇಕಾಯಿತು. ನಾನು ಮೊನ್ನೆ ಮೂರು ನಿಮಿಷದಲ್ಲಿ ಓಡಿ ದಾಟಿದ ಸಾಲುಗಳು. ನಿಧಾನಕ್ಕೆ ಓದಿದರೆ ಆ ಲಿಫ್ಟಿನಲ್ಲಿ ಉಸಿರಾಡಲು ಗಾಳಿ ಇಲ್ಲ.

ಭಾಷಣದ ಎಂಟು ಪುಟಗಳಲ್ಲಿ ಮಾತ್ರ ನಕ್ಷತ್ರ ಒಂದೂ ಇಲ್ಲ.

ಒಬ್ಬರು ಬಂದು ಹಲ್ಲು ತುಂಬಾ ನೋಯ್ತಿದೆ ಅಂದರು. ಹೌದು, ನೋಯ್ಲೇಬೇಕು ಅಂದುಬಿಟ್ಟೆ. ಡಾಕ್ಟರು ಒಳಗಿಂದ ಕೇಳಿಸಿಕೊಂಡರು.

ಮಾರ್ಚ್ ೨೪, ಭಾನುವಾರ

ಮೇಡಂ ಮನೆಗೆ ಹೋಗಿ ಬಂದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಾನು ಎಂಥವಳು ಎಂದು ನೋಡಿಯಾಗಿದೆ.

ಎರಡನೇ ಮಹಡಿ, ಲಿಫ್ಟು ಇಲ್ಲ. ಸಣ್ಣ ಹಾಲು, ಕಿಟಕಿಗೆ ಒತ್ತಿಟ್ಟ ಮೇಜು, ಹಳೇ ಕಂಪ್ಯೂಟರಿನ ಮೇಲೆ ಟವೆಲ್ಲು. ಗೋಡೆಗೆ ನನ್ನ ಸ್ಕ್ರೀನ್‌ಶಾಟುಗಳನ್ನು ಪ್ರಿಂಟು ತೆಗೆಸಿ ಅಂಟಿಸಿದ್ದರು. 'ಮೌನದ ವಾಸ್ತುಶಿಲ್ಪ' ಮೇಲುಗಡೆ, ದಪ್ಪ ಅಕ್ಷರದಲ್ಲಿ. ಅಲ್ಲೇ ಮೆಟ್ಟಿಲಿಳಿದು ಓಡೋಣ ಅನ್ನಿಸಿತು.

ಕೂರುವ ಮೊದಲೇ ಹೇಳಿಬಿಟ್ಟೆ. ಹ್ಯಾಶ್, ಶಪಥ, ಹನ್ನೆರಡು, ಎಲ್ಲ ಉಲ್ಟಾಪಲ್ಟಾ. ಅವರಿಗೆ ಅರ್ಥವಾಗಲು ಎರಡನೇ ಸಲ ಹೇಳಬೇಕಾಯಿತು. ಅದು ಮೊದಲನೆಯದಕ್ಕಿಂತ ಕಷ್ಟ.

ಅವರು ಗೋಡೆಯ ಕಡೆ ನೋಡಿದರು. ಹಾಗಾದರೆ ಇವರೆಲ್ಲ ಹೊಗಳಿದ್ದು ಏನನ್ನು ಎಂದು ಕೇಳಿದರು. ನಿಲ್ಲಿಸಿದ ಜಾಗವನ್ನು ಅಂದೆ, ನಿಲ್ಲಿಸಿದ್ದು ನೀವಲ್ಲ, ನಾನು.

"ಅಳು ಬಂತು ಅಂದ್ಯಲ್ಲ."

"ಸುಳ್ಳು ಹೇಳಿದೆ ಮೇಡಂ."

"ಅದೊಂದು ಮಾತಿಗೆ ನಾನು ರಾತ್ರಿ ಹಾಡ್ಕೊಂಡು ಪಾತ್ರೆ ತೊಳ್ದೆ."

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ, ಎದ್ದು ಹೋಗಿ ನೀರು ಕುಡಿದು ಬಂದರು. ನನಗೆ ಕೊಡಲಿಲ್ಲ.

ಬಂದು ಕೂತು, ಈಗ ಓದಿದ್ದೀಯಾ, ಹೇಗಿದೆ ಅಂದರು. ಸೂಪರ್ ಎನ್ನುವ ಪದ ನಾಲಿಗೆಯ ತುದಿಯವರೆಗೆ ತಾನಾಗಿಯೇ ಬಂತು, ಅಭ್ಯಾಸ ಬಲ. ಅದನ್ನು ನುಂಗಿ, ಮೊದಲ ಸಲ ಓದಿದಾಗ ನಿಮ್ಮನ್ನು ಬೈದೆ ಅಂದೆ. ಹುಬ್ಬು ಮೇಲೆ ಹೋಯಿತು. ಎರಡನೇ ಸಲ ನರ್ಸಿನ ಕೈ ಜಿಪ್ಪಿನ ಮೇಲೆ ಇರುವಲ್ಲಿ ಮುಂದೆ ಹೋಗಲಾಗಲಿಲ್ಲ ಅಂದೆ. ನಕ್ಷತ್ರ ಇಟ್ಟ ಪ್ರತಿಯನ್ನು ತೋರಿಸಿ, ನೀವು ಭಯಪಟ್ಟ ಜಾಗಗಳೆಲ್ಲ ಇಲ್ಲಿವೆ ಎಂದು ದೊಡ್ಡ ಪತ್ತೇದಾರಳ ಹಾಗೆ ವಿವರಿಸಿದೆ.

"ಭಯವೂ ಅಲ್ಲ, ಮಣ್ಣೂ ಅಲ್ಲ. ಬರೆದದ್ದು ಕಣ್ಣಿಗೆ ಬಿದ್ರೆ ತಿದ್ತಾ ಕೂತ್ಬಿಡ್ತೀನಿ. ಅದಕ್ಕೆ ಕಷ್ಟದ ಸಾಲು ಬಂದಾಗ ಹೊಸ ಪುಟಕ್ಕೆ ಹೋಗ್ಬಿಡೋದು."

ಸರಿ, ಪತ್ತೇದಾರಿಕೆ ನನ್ನಿಂದಾಗದು. ಆದರೂ ಬಿಡಲಿಲ್ಲ. "ಹಾಗಿದ್ರೆ ಕೊನೇ ಎಂಟು ಪುಟದಲ್ಲಿ ಕಷ್ಟದ ಸಾಲು ಒಂದೂ ಬರ್ಲಿಲ್ವಾ ಮೇಡಂ? ಅದು ನೀವು ಬರೆದ ಹಾಗಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಪರಾಧಿ ಯಾರೆಂದು ಹೇಳದಿದ್ದರೆ ಹಾಕುವುದಿಲ್ಲ ಎಂದು ಆಗ ಸಂಪಾದಕರು ಪಟ್ಟು ಹಿಡಿದಿದ್ದರಂತೆ. ಒಂದು ಮಧ್ಯಾಹ್ನದಲ್ಲಿ ಆ ಭಾಷಣ ಗೀಚಿ, ಎಲ್ಲವನ್ನೂ ನರ್ಸಿನ ತಲೆಗೆ ಕಟ್ಟಿದರಂತೆ. ಅಷ್ಟರಲ್ಲಿ ಪತ್ರಿಕೆ ಮುಚ್ಚಿತು. ಆರು ವರ್ಷದಿಂದ ಅವರಿಗೆ ನಾಚಿಕೆ ಆಗುತ್ತಿದ್ದದ್ದು ಅದಕ್ಕೆ, ಮತ್ತು ಅದನ್ನು ತೆಗೆದರೆ ಕೈಯಲ್ಲಿ ಅಪರಾಧಿಯೇ ಇರುವುದಿಲ್ಲ ಎಂಬುದಕ್ಕೆ.

"ತೆಗೆದ್ರೆ ನಿಮ್ಮ ಬಳಗ ನನ್ನ ಹರಿದು ತಿನ್ನುತ್ತೆ."

"ತಿನ್ನುತ್ತೆ ಮೇಡಂ. ಗೂಬೆ ಮೊದಲು ತಿಂತಾನೆ."

"ಮತ್ತೆ ತೆಗಿ ಅಂತೀಯಾ?"

"ತೆಗೀರಿ ಅಂತೀನಿ."

ಅವರು ಕಂಪ್ಯೂಟರಿನ ಟವೆಲ್ಲು ಎಳೆದರು. ಎಂಟು ಪುಟ ಆಯ್ಕೆ ಮಾಡಿ, ಬೆರಳು ಎತ್ತಿ, ಮತ್ತೆ ಒಂದು ಸಲ ನನ್ನ ಮುಖ ನೋಡಿ, ಒತ್ತಿದರು. ಹೊಗಳಿಕೆ ಅಂತೂ ನನ್ನದಲ್ಲ, ಬೈಗುಳವಾದರೂ ನನ್ನದೇ ಇರಲಿ ಅಂದರು. ಹೊರಡುವಾಗ ಗೋಡೆಯ ಪ್ರಿಂಟುಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಕೈಗೇ ಕೊಟ್ಟರು. ನೀರು ಕೊನೆಗೂ ಕೊಡಲಿಲ್ಲ.

ಮಾರ್ಚ್ ೨೫, ಸೋಮವಾರ

ಬೆಳಗ್ಗೆ ಹೊಸ ಪ್ರತಿ ಕಟ್ಟಿದೆ. ಹ್ಯಾಶ್ ಇಲ್ಲ, ಕಣ್ಣಿಗೆ ಕಾಣದ ಹೊಸ ಪುಟದ ಗುರುತುಗಳೂ ಇಲ್ಲ. ಕೊನೆಯ ಅಧ್ಯಾಯ ಇದೆ, ಪರದೆಯಲ್ಲಿ ಕಣ್ಣಾರೆ ತೆರೆದು ಸಾಲು ಸಾಲು ನೋಡಿದೆ. ನರ್ಸು ಮಳೆಯಲ್ಲಿ ನಿಂತು ಮಾತ್ರೆ ನೋಡುವಲ್ಲಿ ಕಥೆ ಮುಗಿಯುತ್ತದೆ. ಬಳ್ಳಿಯ ಪುಟ ಒಂದು ಎರರ್ ಕೊಟ್ಟಿತು, ಅದನ್ನು ಸರಿಮಾಡಲು ಹೊತ್ತಿಲ್ಲ, ತೆಗೆದುಹಾಕಿದೆ.

ಗ್ರೂಪಿಗೆ ಉದ್ದ ಬರೆಯಲಿಲ್ಲ. ಹೋದ ಪ್ರತಿಯಲ್ಲಿ ಕೊನೆಯ ಅಧ್ಯಾಯ ನನ್ನ ತಪ್ಪಿನಿಂದ ಬಿಟ್ಟುಹೋಗಿತ್ತು, ನಾನು ಅದನ್ನು ಓದದೆ ಹೊಗಳಿದ್ದೆ, ನಿಜವಾದ ಪುಸ್ತಕ ಇದು ಎಂದು ಹಾಕಿದೆ. ಮೊದಲ ಐದು ನಿಮಿಷ ಎಲ್ಲರೂ ನಕ್ಕರು. ನನ್ನ ವಿಮರ್ಶೆಯನ್ನು ಯಾರೋ ಹುಡುಕಿ ತೆಗೆದು ಮತ್ತೆ ಹಾಕಿದರು. ಇನ್ನು ಮುಂದೆ ನನ್ನ ಹೆಸರು ವಾಸ್ತುಶಿಲ್ಪಿ ಅಂತೆ.

ಆಮೇಲೆ ಎಲ್ಲರೂ ಓದಲು ಹೋದರು. ಗ್ರೂಪು ತಣ್ಣಗಾಯಿತು.

ಮಾರ್ಚ್ ೨೭, ಬುಧವಾರ

ಬಂದರು ವಾಪಸ್ಸು. ಆರು ವರ್ಷ ಕಾಯಿಸಿ ಕೈಗೆ ಚಿಪ್ಪು ಕೊಟ್ಟರು ಎಂದು ಒಬ್ಬರು. ಹಳೇ ಪ್ರತಿಯೇ ಚೆನ್ನಾಗಿತ್ತು, ಹ್ಯಾಶ್ ವಾಪಸ್ ಹಾಕು ಎಂದು ಇನ್ನೊಬ್ಬರು. ಮೂರು ಜನ ಗ್ರೂಪು ಬಿಟ್ಟರು. ಗೂಬೆ ತನ್ನ ಎರಡು ಗಜದ ವಿಮರ್ಶೆ ಅಳಿಸಿ ನಾಲ್ಕು ಗಜದ್ದು ಬರೆದಿದ್ದಾನೆ: ಕೊಂದವರಿಲ್ಲದ ಪತ್ತೇದಾರಿ ಕತೆ ಓದುಗರಿಗೆ ಮಾಡಿದ ವಂಚನೆ, ಅಪರಾಧಿ ಯಾರೆಂದು ಒಂದು ಸಾಲಿನಲ್ಲಿ ಹೇಳಲಿ ನೋಡೋಣ.

ಎಲ್ಲವನ್ನೂ ಮೇಡಂಗೆ ಕಳಿಸಿದೆ, ಒಂದನ್ನೂ ಆರಿಸದೆ. ಗಂಟೆಗಟ್ಟಲೆ ಉತ್ತರ ಇಲ್ಲ. ಡಾಕ್ಟರು ಮೂರು ಹಲ್ಲು ಕೀಳುವಷ್ಟು ಹೊತ್ತು ನಾನು ಉಸಿರು ಹಿಡಿದು ಕೂತಿದ್ದೆ. ಕೊನೆಗೆ ಬಂತು: "ಇವರು ಓದಿದ್ದಾರೆ ಕಣೇ. ಹೊಸದರ ಮೊದಲ ಪುಟ ಆಯ್ತು. ಈಗ ತೊಂದರೆ ಕೊಡಬೇಡ."

ಕೊಡುವುದಿಲ್ಲ. ಗೂಬೆಗೆ ಮಾತ್ರ ಕೊಡುತ್ತೇನೆ. ಅವನು ಒಂದು ಸಾಲು ಕೇಳಿದ್ದ. ಬೆಂಕಿ ಚಿತ್ರ, ಚಪ್ಪಾಳೆ ಚಿತ್ರ ಒಂದೂ ಇಲ್ಲದೆ ಒಂದೇ ಸಾಲು ಟೈಪ್ ಮಾಡಿ, ಎರಡು ಸಲ ಓದಿ, ಗ್ರೂಪಿಗೆ ಹಾಕಿದೆ. ನೋಡಿದ ಗುರುತು ಎಲ್ಲರ ಹೆಸರಿನ ಮುಂದೂ ಬಂದಿದೆ, ಉತ್ತರ ಇನ್ನೂ ಒಂದೂ ಬಂದಿಲ್ಲ. ಇಲ್ಲೂ ಬರೆದಿಡುತ್ತೇನೆ:

ನಿಮ್ಮನ್ನು ಬೀದಿಗೆ ಹಾಕಲು ಹೊರಟವನು ನಿಮ್ಮ ಕಾಲ ಬಳಿ ಎದೆ ಹಿಡಿದುಕೊಂಡು ಕೂತಿದ್ದಾನೆ, ಕತ್ತಲು, ಯಾರೂ ನೋಡುತ್ತಿಲ್ಲ, ಮಾತ್ರೆ ನಿಮ್ಮ ಬ್ಯಾಗಿನಲ್ಲಿದೆ, ನೀವು ಜಿಪ್ಪು ತೆಗೆಯುತ್ತೀರಾ?